ಮೆಲ್ಬರ್ನ್ ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನದ ಟಿಕೆಟ್ ಆದ ಮರುದಿನದಿಂದಲೇ ಊರಿನಿಂದ ಫೋನುಗಳು ಬರತೊಡಗುತ್ತವೆ. ಬರುವವರು ಬೇರೆ ಬೇರೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಇಷ್ಟು ವರ್ಷ ಬಾಯಿಮಾತಿನಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪ್ರವೇಶದರ ಮತ್ತು ಪ್ರಯಾಣದರಗಳು ಆಗಾಗ ಬದಲಾಗುವುದರಿಂದ ಅವನ್ನು ನಮೂದಿಸಿಲ್ಲ. ಹೊರಡುವ ಮುನ್ನ ಆಯಾ ಸ್ಥಳದ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಮೆಲ್ಬರ್ನ್ ನೋಡಲು ಎಷ್ಟು ದಿನ ಬೇಕು?

ನಗರಕ್ಕೆ ಮೂರು ದಿನ, ಹೊರಗಿನ ಊರುಗಳಿಗೆ ಎರಡು ದಿನ, ಹೀಗೆ ಐದು ದಿನಗಳಿದ್ದರೆ ಅವಸರವಿಲ್ಲದೆ ನೋಡಬಹುದು. ಸಿಡ್ನಿಗೆ ಒಪೆರಾ ಹೌಸ್ ಇದ್ದ ಹಾಗೆ ಮೆಲ್ಬರ್ನಿಗೆ ಒಂದೇ ಒಂದು ಗುರುತಿನ ಕಟ್ಟಡವಿಲ್ಲ. ಇದು ಓಣಿಯಿಂದ ಓಣಿಗೆ ನಡೆಯುತ್ತ, ನಡುನಡುವೆ ಕುಳಿತು ನೋಡಬೇಕಾದ ಊರು. ಪಟ್ಟಿ ಹಿಡಿದು ಓಡಾಡಿದವರಿಗೆ ಇದರ ಸೊಗಸು ಅಷ್ಟಾಗಿ ದಕ್ಕುವುದಿಲ್ಲ. ಹೊರಗಿನ ಸ್ಥಳಗಳ ಮಾತು ಬೇರೆ. ಗ್ರೇಟ್ ಓಷನ್ ರೋಡ್ ನೈಋತ್ಯಕ್ಕಿದೆ, ಪೆಂಗ್ವಿನ್‌ಗಳ ಫಿಲಿಪ್ ದ್ವೀಪ ಆಗ್ನೇಯಕ್ಕಿದೆ, ಚಿನ್ನದ ಗಣಿಗಳ ಬಲರಾಟ್ ವಾಯವ್ಯಕ್ಕಿದೆ. ಒಂದಕ್ಕೆ ಹೋಗುವಾಗ ಇನ್ನೊಂದು ದಾರಿಯಲ್ಲಿ ಸಿಗುವುದಿಲ್ಲ, ಪ್ರತಿಯೊಂದೂ ಪೂರ್ತಿ ಒಂದು ದಿನವನ್ನು ನುಂಗುತ್ತದೆ. ಆದ್ದರಿಂದ ಮೂರನ್ನೂ ತುರುಕುವ ಬದಲು ಎರಡನ್ನು ಆರಿಸಿಕೊಂಡು ಉಳಿದ ದಿನಗಳನ್ನು ನಗರಕ್ಕೇ ಕೊಡಿ ಎಂಬುದು ನಾನು ಎಲ್ಲರಿಗೂ ಕೊಡುವ ಸಲಹೆ.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ಇಲ್ಲಿನ ಋತುಗಳು ನಮ್ಮವಕ್ಕೆ ತಿರುವುಮುರುವು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ನನ್ನ ಮಟ್ಟಿಗೆ ಮಾರ್ಚ್ ಮತ್ತು ಏಪ್ರಿಲ್ ಅತ್ಯುತ್ತಮ; ಬಿಸಿಲು ಹಿತವಾಗಿರುತ್ತದೆ, ಗಾಳಿಯ ಅಬ್ಬರ ಕಡಿಮೆ, ಮರಗಳ ಎಲೆ ಬಣ್ಣ ತಿರುಗತೊಡಗಿರುತ್ತದೆ. ಜನವರಿಯ ಗರಿಷ್ಠ ಉಷ್ಣಾಂಶ ಸರಾಸರಿ 26 ಡಿಗ್ರಿಯ ಆಸುಪಾಸಿನಲ್ಲಿದ್ದರೂ, ಉತ್ತರದ ಒಣ ಗಾಳಿ ಬೀಸಿದ ದಿನ 40 ದಾಟುವುದುಂಟು; ಅದೇ ಸಂಜೆ ದಕ್ಷಿಣದ ಸಮುದ್ರದಿಂದ ತಂಗಾಳಿ ತಿರುಗಿತೆಂದರೆ ಅರ್ಧ ಗಂಟೆಯೊಳಗೆ ಹದಿನೈದು ಡಿಗ್ರಿ ಇಳಿದು, ಬೆವರು ಒರೆಸಿಕೊಳ್ಳುತ್ತಿದ್ದವರು ಸ್ವೆಟರ್ ಹುಡುಕುವಂತಾಗುತ್ತದೆ. ಒಂದೇ ದಿನದಲ್ಲಿ ನಾಲ್ಕು ಋತು ಎಂದು ಊರಿನವರೇ ತಮಾಷೆ ಮಾಡಿಕೊಳ್ಳುತ್ತಾರೆ. ಯಾವ ತಿಂಗಳಲ್ಲಿ ಬಂದರೂ ತೆಳುವಾದ ಒಂದು ಮಳೆಯಂಗಿ ಮತ್ತು ಒಂದು ಸ್ವೆಟರ್ ಕೈಚೀಲದಲ್ಲಿರಲಿ.

ಹಗಲಿನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 8.45ಕ್ಕೆ; ಜೂನ್‌ನಲ್ಲಿ ಸಂಜೆ ಐದೂಕಾಲಿನೊಳಗೇ ಮುಳುಗಿಬಿಡುತ್ತದೆ. ಬೇಸಿಗೆಯ ಬಿಸಿಲು ನಮ್ಮ ಬಿಸಿಲಿನಂತಲ್ಲ, ಮೋಡವಿದ್ದರೂ ಅತಿನೇರಳೆ ಕಿರಣ ಚರ್ಮವನ್ನು ಸುಡುತ್ತದೆ. ಟೋಪಿ ಮತ್ತು ಸನ್‌ಸ್ಕ್ರೀನ್ ಕ್ರೀಮನ್ನು ಶೋಕಿಯೆಂದು ತಳ್ಳಿಹಾಕಬೇಡಿ.

ವೀಸಾ ಹೇಗೆ? ಚಟ್ನಿಪುಡಿ, ಉಪ್ಪಿನಕಾಯಿ ತರಬಹುದೇ?

ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಸಾಮಾನ್ಯವಾಗಿ ಪ್ರವಾಸಿಗರು ಪಡೆಯುವುದು 600ನೇ ಉಪವರ್ಗದ ಸಂದರ್ಶಕ ವೀಸಾ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು.

ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಆಸ್ಟ್ರೇಲಿಯ ತನ್ನ ಕೃಷಿಯನ್ನು ಹೊರಗಿನ ಕೀಟ ಮತ್ತು ರೋಗಗಳಿಂದ ಕಾಪಾಡಿಕೊಳ್ಳುವುದರಲ್ಲಿ ಅತ್ಯಂತ ಕಟ್ಟುನಿಟ್ಟಿನ ದೇಶ. ಹಸಿ ಹಣ್ಣು, ಹಸಿ ಸೊಪ್ಪು, ಬಿತ್ತನೆಯ ಬೀಜ ಮುಂತಾದವನ್ನು ತರುವ ಯೋಚನೆಯನ್ನೇ ಬಿಟ್ಟುಬಿಡಿ. ಪುಡಿ, ಹಪ್ಪಳ, ಸಂಡಿಗೆ, ಸಿಹಿತಿಂಡಿ, ಏನೇ ಆಹಾರ ಪದಾರ್ಥವಿದ್ದರೂ ಆಗಮನದ ಘೋಷಣಾಪತ್ರದಲ್ಲಿ ಇದೆ ಎಂದೇ ಬರೆಯಿರಿ. ಬರೆದು ತೋರಿಸಿದರೆ ಆಗುವ ದೊಡ್ಡ ನಷ್ಟವೆಂದರೆ ಆ ಪೊಟ್ಟಣ ಹೋಗುವುದು. ಬಚ್ಚಿಟ್ಟು ಸಿಕ್ಕಿಬಿದ್ದರೆ ಭಾರಿ ದಂಡ ತೆರಬೇಕಾಗುತ್ತದೆ, ವೀಸಾ ರದ್ದಾಗುವ ಸಂದರ್ಭವೂ ಉಂಟು. ನಮ್ಮ ತಾಯಿಯವರು ಮೊದಲ ಸಲ ಬಂದಾಗ ಕರಿಬೇವಿನ ಎರಡು ಎಸಳನ್ನು ದಿನಪತ್ರಿಕೆಯ ತುಂಡಿನಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಿದ್ದರು. ಅಧಿಕಾರಿಯ ಮುಂದೆ ನಿಂತಾಗ ಅವರಿಗೇ ಅದು ನೆನಪಾಗಿ ತೆಗೆದು ಕೊಟ್ಟರು. ಆತ ನಗುತ್ತಲೇ ಅದನ್ನು ಬುಟ್ಟಿಗೆ ಹಾಕಿ ಮುಂದೆ ಕಳಿಸಿದ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಕರಿಬೇವಿನಿಂದ ಹಿಡಿದು ಬ್ಯಾಡಗಿ ಮೆಣಸಿನಕಾಯಿಯವರೆಗೆ ಎಲ್ಲವೂ ಸಿಗುತ್ತದೆ.

ವಿಮಾನ ನಿಲ್ದಾಣದಿಂದ ನಗರಕ್ಕೆ ರೈಲು ಇದೆಯೇ?

ಇಲ್ಲ. ವಿಮಾನ ನಿಲ್ದಾಣವಿರುವ ಟಲ್ಲಮರೀನ್ ನಗರದ ಮಧ್ಯಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಸ್ಕೈಬಸ್ ಎಂಬ ಬಸ್ಸು ಅಲ್ಲಿಂದ ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ಬರುತ್ತದೆ. ಒಬ್ಬಿಬ್ಬರಿಗೆ ಅದು ಸಾಕು. ನಾಲ್ಕು ಜನ, ಎಂಟು ಪೆಟ್ಟಿಗೆ ಇದ್ದರೆ ಟ್ಯಾಕ್ಸಿಯೇ ಲೇಸು.

ಟ್ರಾಮಿನಲ್ಲಿ ಉಚಿತವಾಗಿ ಓಡಾಡಬಹುದು ಎನ್ನುತ್ತಾರೆ, ನಿಜವೇ?

ನಿಜ, ಆದರೆ ಒಂದು ಗಡಿಯೊಳಗೆ ಮಾತ್ರ. 2015ರ ಜನವರಿ 1ರಿಂದ ನಗರದ ನಡುಭಾಗ ಮತ್ತು ಡಾಕ್‌ಲ್ಯಾಂಡ್ಸ್ ಸೇರಿದಂತೆ ಒಂದು ಪ್ರದೇಶವನ್ನು ಉಚಿತ ಟ್ರಾಮ್ ವಲಯವೆಂದು ಘೋಷಿಸಲಾಗಿದೆ. ಈ ವಲಯದೊಳಗೇ ಹತ್ತಿ ವಲಯದೊಳಗೇ ಇಳಿಯುವವರು ಚೀಟಿ ತೆಗೆಯಬೇಕಾಗಿಲ್ಲ, ಕಾರ್ಡ್ ತೋರಿಸಬೇಕಾಗಿಯೂ ಇಲ್ಲ. ಗಡಿಯ ಆಚೆಗೆ ಒಂದೇ ಒಂದು ನಿಲ್ದಾಣ ಹೋದರೂ ಮೈಕಿ ಎಂಬ ಕಾರ್ಡ್ ಬೇಕು. ಟ್ರಾಮ್, ರೈಲು, ಬಸ್ಸು ಮೂರಕ್ಕೂ ಅದೇ ಕಾರ್ಡ್. ಫೆಡರೇಷನ್ ಸ್ಕ್ವೇರ್‌ವರೆಗೆ ಉಚಿತ, ಸೇತುವೆ ದಾಟಿ ಕಲಾಗ್ಯಾಲರಿಯ ಮುಂದೆ ಇಳಿದರೆ ಅದು ವಲಯದ ಹೊರಗೆ ಎಂಬುದನ್ನು ಹೊಸಬರು ಮರೆಯುತ್ತಾರೆ. ನಾನೇ ನೆಂಟರೊಡನೆ ಮಾತಿನಲ್ಲಿ ಮೈಮರೆತು ಒಮ್ಮೆ ಹಾಗೆ ಮುಂದೆ ಹೋಗಿದ್ದೆ. ತಪಾಸಣೆಯವರು ಹತ್ತಿದ್ದರು, ದಂಡ ಕಟ್ಟಿದೆ. ಗಡಿಯ ನಿಲ್ದಾಣಗಳಲ್ಲಿ ಫಲಕವಿರುತ್ತದೆ, ಟ್ರಾಮಿನಲ್ಲಿಯೂ ಸೂಚನೆ ಕೊಡುತ್ತಾರೆ, ಕಿವಿ ತೆರೆದಿರಬೇಕಷ್ಟೆ.

ಸುಮಾರು 250 ಕಿಲೋಮೀಟರ್ ಹಳಿಯಿರುವ ಇಲ್ಲಿನ ಟ್ರಾಮ್ ಜಾಲ ಜಗತ್ತಿನಲ್ಲೇ ಅತಿ ದೊಡ್ಡದು. ಬೇರೆ ನಗರಗಳು ಹಳಿ ಕಿತ್ತು ರಸ್ತೆ ಅಗಲಿಸಿಕೊಂಡ ಕಾಲದಲ್ಲಿ ಮೆಲ್ಬರ್ನ್ ಹಟ ಹಿಡಿದು ಉಳಿಸಿಕೊಂಡದ್ದರ ಫಲ ಇದು. ಮರದ ಆಸನಗಳ ಹಳೆಯ ಮಾದರಿಯ ಟ್ರಾಮ್ ಹತ್ತುವ ಆಸೆಯಿದ್ದರೆ 35ನೇ ಸಂಖ್ಯೆಯ ಸಿಟಿ ಸರ್ಕಲ್ ಹಿಡಿಯಿರಿ. ಅದು ನಗರದ ಅಂಚನ್ನು ಸುತ್ತುತ್ತದೆ, ಪೂರ್ತಿ ಉಚಿತ, ದಾರಿಯುದ್ದಕ್ಕೂ ಸ್ಥಳಗಳ ವಿವರಣೆಯೂ ಕೇಳಿಬರುತ್ತದೆ.

ಮೊದಲ ದಿನ ಎಲ್ಲಿಂದ ಶುರುಮಾಡಬೇಕು?

ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಮೆಟ್ಟಿಲಿನಿಂದ. ಹಳದಿ ಗೋಡೆ, ಹಸಿರು ತಾಮ್ರದ ಗುಮ್ಮಟದ ಈ ಕಟ್ಟಡ ಮುಗಿದದ್ದು 1910ರಲ್ಲಿ. ಬಾಗಿಲಿನ ಮೇಲೆ ಸಾಲಾಗಿರುವ ಗಡಿಯಾರಗಳು ಮುಂದಿನ ರೈಲುಗಳ ವೇಳೆಯನ್ನು ತೋರಿಸುತ್ತವೆ. ‘ಗಡಿಯಾರಗಳ ಕೆಳಗೆ ಸಿಗೋಣ’ ಎಂಬುದು ಮೆಲ್ಬರ್ನಿನವರ ನಿತ್ಯದ ಮಾತು. ರಸ್ತೆ ದಾಟಿದರೆ 2002ರಲ್ಲಿ ತೆರೆದ ಫೆಡರೇಷನ್ ಸ್ಕ್ವೇರ್. ಅದರ ಒಡೆದ ಕನ್ನಡಿಯಂಥ ಕೋನಾಕೃತಿಯ ಗೋಡೆಗಳನ್ನು ಇಷ್ಟಪಡುವವರಷ್ಟೇ ಬೈಯುವವರೂ ಇದ್ದಾರೆ, ನಾನು ಎರಡನೆಯ ಗುಂಪಿನವನು. ಆದರೆ ಅದರೊಳಗಿನ ಆಸ್ಟ್ರೇಲಿಯದ ಕಲೆಯ ಗ್ಯಾಲರಿ ಮತ್ತು ಚಲಚ್ಚಿತ್ರ ಸಂಗ್ರಹಾಲಯ ಎರಡನ್ನೂ ನೋಡದೆ ಬಿಡಬಾರದು.

ಎದುರಿಗೇ ಹೋಸಿಯರ್ ಲೇನ್ ಇದೆ. ಕಲ್ಲುಹಾಸಿನ ಈ ಇಳಿಜಾರು ಓಣಿಯಲ್ಲಿ ನೆಲದಿಂದ ಕಿಟಕಿಯವರೆಗೆ, ಕಸದ ತೊಟ್ಟಿಯನ್ನೂ ಬಿಡದೆ, ಎಲ್ಲೆಡೆ ಬಣ್ಣದ ಚಿತ್ರಗಳು. ನಿನ್ನೆಯ ಮುಖದ ಮೇಲೆ ಇಂದು ಇನ್ನೊಬ್ಬ ಬರೆದಿರುತ್ತಾನೆ. ಗೋಡೆಯ ಒಂದು ಮೂಲೆಯಲ್ಲಿ ಬಣ್ಣ ಸಿಪ್ಪೆ ಎದ್ದಿದ್ದರೆ ಬೆರಳಿಟ್ಟು ನೋಡಿ, ಪದರದ ಮೇಲೆ ಪದರವಾಗಿ ರಟ್ಟಿನಷ್ಟು ದಪ್ಪ ಸಿಗುತ್ತದೆ. ಅಲ್ಲಿಂದ ಡಿಗ್ರೇವ್ಸ್ ಸ್ಟ್ರೀಟ್ ಮತ್ತು ಸೆಂಟರ್ ಪ್ಲೇಸ್‌ಗಳ ಕಾಫಿ ಅಂಗಡಿಗಳ ನಡುವೆ ನುಸುಳಿ ಕಾಲಿನ್ಸ್ ಸ್ಟ್ರೀಟ್‌ಗೆ ಬಂದರೆ ಬ್ಲಾಕ್ ಆರ್ಕೇಡ್, ಅದನ್ನು ಹಾದು ಹೋದರೆ 1870ರಲ್ಲಿ ತೆರೆದ ರಾಯಲ್ ಆರ್ಕೇಡ್. ಎರಡನೆಯದರ ತುದಿಯಲ್ಲಿ ಗಾಗ್ ಮತ್ತು ಮಾಗಾಗ್ ಎಂಬ ಎರಡು ದೈತ್ಯ ಬೊಂಬೆಗಳು ಗಂಟೆಗೊಮ್ಮೆ ಗಂಟೆ ಬಾರಿಸುತ್ತವೆ.

ಈ ಓಣಿಗಳ ಹಿಂದೆ ಒಂದು ಕಥೆಯಿದೆ. 1837ರಲ್ಲಿ ಸರ್ವೇಯರ್ ರಾಬರ್ಟ್ ಹಾಡಲ್ ನಗರಕ್ಕೆ ಚೌಕಾಬಾರದ ಮನೆಯಂತೆ ಗೆರೆ ಎಳೆದಾಗ ದೊಡ್ಡ ಬೀದಿಗಳನ್ನು ಸುಮಾರು 30 ಮೀಟರ್ ಅಗಲ ಇಟ್ಟು, ಅವುಗಳ ನಡುವೆ ಸುಮಾರು 10 ಮೀಟರಿನ ಚಿಕ್ಕ ಬೀದಿಗಳನ್ನು ಬಿಡಲಾಯಿತು. ಆ ಚೌಕಗಳು ಒಳಗೊಳಗೇ ಒಡೆದು ಹಿತ್ತಿಲಿನ ಸಂದಿಗಳಾದವು. ಒಂದು ಕಾಲಕ್ಕೆ ಸರಕು ಇಳಿಸಲು, ಕಸ ಸಾಗಿಸಲು ಇದ್ದ ಜಾಗಗಳೇ ಇಂದು ಊರಿನ ಅತಿ ಚಂದದ ಭಾಗ.

ಸ್ವಾನ್‌ಸ್ಟನ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ನಡೆದರೆ ವಿಕ್ಟೋರಿಯ ರಾಜ್ಯ ಗ್ರಂಥಾಲಯ ಸಿಗುತ್ತದೆ. ಪ್ರವೇಶ ಉಚಿತ. 1913ರಲ್ಲಿ ತೆರೆದ ಅದರ ಎಂಟು ಮೂಲೆಯ ಗುಮ್ಮಟದ ವಾಚನಾಲಯವನ್ನು ಮೇಲಿನ ಮಹಡಿಯ ಮೊಗಸಾಲೆಯಿಂದ ಬಗ್ಗಿ ನೋಡಬೇಕು: ನಡುವಿನ ಪೀಠದಿಂದ ಹಸಿರು ದೀಪಗಳ ಮೇಜುಗಳು ಚಕ್ಕಡಿಯ ಗಾಲಿಯ ಅರಗಳಂತೆ ಚಾಚಿಕೊಂಡಿವೆ, ಯಾರೂ ಕೆಮ್ಮುವುದೂ ಇಲ್ಲ. ದರೋಡೆಕೋರ ನೆಡ್ ಕೆಲ್ಲಿ ಪೊಲೀಸರ ಗುಂಡಿಗೆ ಎದುರಾಗಿ ತೊಟ್ಟ ಕಬ್ಬಿಣದ ಕವಚ ಈ ಗ್ರಂಥಾಲಯದ ಸಂಗ್ರಹದಲ್ಲಿದೆ. ಅವನನ್ನು 1880ರ ನವೆಂಬರ್ 11ರಂದು ಹತ್ತಿರದ ಜೈಲಿನಲ್ಲೇ ಗಲ್ಲಿಗೇರಿಸಿದರು. ಇನ್ನೂ ಕಾಲಲ್ಲಿ ಕಸುವಿದ್ದರೆ ಕಾರ್ಲ್ಟನ್ ಗಾರ್ಡನ್ಸ್‌ವರೆಗೆ ಹೋಗಿ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ನೋಡಿ. 1880ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಚಿನ್ನದ ಹಣದಲ್ಲಿ ಕಟ್ಟಿದ ಈ ಭವನದಲ್ಲೇ 1901ರ ಮೇ 9ರಂದು ಆಸ್ಟ್ರೇಲಿಯದ ಮೊದಲ ಸಂಸತ್ತು ಉದ್ಘಾಟನೆಯಾಯಿತು. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದುಡ್ಡು ಖರ್ಚಿಲ್ಲದೆ ನೋಡಬಹುದಾದದ್ದು ಏನಿದೆ?

ನಗರದಲ್ಲಿ ನೋಡತಕ್ಕದ್ದರಲ್ಲಿ ಬಹುಪಾಲು ಉಚಿತವೇ. ಸೇಂಟ್ ಕಿಲ್ಡಾ ರಸ್ತೆಯ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯದ ಶಾಶ್ವತ ಸಂಗ್ರಹಕ್ಕೆ ಪ್ರವೇಶದರವಿಲ್ಲ. ಬಾಗಿಲಲ್ಲಿ ಗಾಜಿನ ಮೇಲೆ ನೀರು ಹರಿಯುವ ಗೋಡೆ, ಒಳಗೆ ಲಿಯೊನಾರ್ಡ್ ಫ್ರೆಂಚ್ ರಚಿಸಿದ ಬಣ್ಣದ ಗಾಜಿನ ಚಾವಣಿ. ಆ ಸಭಾಂಗಣದ ನೆಲದ ಮೇಲೆ ಅಂಗಾತ ಮಲಗಿ ಮೇಲೆ ನೋಡುವುದೇ ಸರಿಯಾದ ಕ್ರಮ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿಂದ ಮುಂದೆ 38 ಹೆಕ್ಟೇರಿನ ರಾಯಲ್ ಬೊಟಾನಿಕ್ ಗಾರ್ಡನ್ಸ್, 1846ರಲ್ಲಿ ಆರಂಭವಾದ ಸಸ್ಯೋದ್ಯಾನ.

ಉದ್ಯಾನದ ಪಕ್ಕದಲ್ಲಿ 1934ರಲ್ಲಿ ಲೋಕಾರ್ಪಣೆಯಾದ ಯುದ್ಧ ಸ್ಮಾರಕ, ಶ್ರೈನ್ ಆಫ್ ರಿಮೆಂಬ್ರೆನ್ಸ್ ಇದೆ. ಪ್ರತಿ ನವೆಂಬರ್ 11ರ ಬೆಳಗಿನ 11 ಗಂಟೆಗೆ ಚಾವಣಿಯ ರಂಧ್ರದಿಂದ ಬಿಸಿಲಿನ ಕೋಲು ಇಳಿದು ನೆಲದ ಕಲ್ಲಿನಲ್ಲಿ ಕೆತ್ತಿದ ‘ಪ್ರೀತಿ’ ಎಂಬರ್ಥದ ಪದದ ಮೇಲೆ ಸರಿಯುವಂತೆ ಇದನ್ನು ಕಟ್ಟಿದ್ದಾರೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಬಂದ ಮೇಲೆ ಸೂರ್ಯನ ಲೆಕ್ಕ ತಪ್ಪಿತು. ಈಗ ಕನ್ನಡಿಯ ಸಹಾಯದಿಂದ ಕಿರಣವನ್ನು ವೇಳೆಗೆ ಸರಿಯಾಗಿ ತಿರುಗಿಸುತ್ತಾರೆ. ಉಳಿದ ದಿನಗಳಲ್ಲಿ ಕೃತಕ ಬೆಳಕಿನಿಂದ ಅದನ್ನು ತೋರಿಸುತ್ತಾರೆ. ಮೇಲಿನ ಬಾಲ್ಕನಿಗೆ ತಪ್ಪದೆ ಹತ್ತಿ. ಬೀದಿಯ ನೇರಕ್ಕೆ ಕಣ್ಣು ಹಾಯಿಸಿದರೆ, ನಗರದಾಚೆಯ ಒಂದು ಎತ್ತರದ ವಸತಿ ಕಟ್ಟಡದ ಮುಂಭಾಗದಲ್ಲಿ ಬಿಳಿ ಬಾಲ್ಕನಿಗಳ ಏರಿಳಿತವೇ ಒಬ್ಬ ಗಡ್ಡದ ಮನುಷ್ಯನ ಮುಖವಾಗಿ ಕಾಣುತ್ತದೆ. ಆತ ಇಲ್ಲಿನ ಮೂಲನಿವಾಸಿಗಳಾದ ವುರುಂಜೆರಿ ಜನರ ಹಿರಿಯ ವಿಲಿಯಂ ಬರಾಕ್.

ಆ ಮೂಲನಿವಾಸಿಗಳ ಬಗ್ಗೆ ತಿಳಿಯಲು ಎಲ್ಲಿಗೆ ಹೋಗಬೇಕು?

ಈ ನೆಲ ಕೂಲಿನ್ ಸಮುದಾಯಗಳಾದ ವುರುಂಜೆರಿ ಮತ್ತು ಬುನುರಾಂಗ್ ಜನರದ್ದು. ಬಿಳಿಯರು ಇಲ್ಲಿ ನೆಲೆಯೂರಿದ್ದು 1835ರಲ್ಲಿ. ಆಗ ಬರಾಕ್ ಚಿಕ್ಕ ಹುಡುಗ. ಯಾರಾ ನದಿಗೆ ಅವರ ಭಾಷೆಯಲ್ಲಿ ಬಿರರುಂಗ್ ಎಂದು ಹೆಸರು. ಮೆಲ್ಬರ್ನ್ ಮ್ಯೂಸಿಯಂನ ಬುಂಜಿಲಾಕ ವಿಭಾಗ ಮತ್ತು ಫೆಡರೇಷನ್ ಸ್ಕ್ವೇರ್‌ನಲ್ಲಿರುವ ಕೂರಿ ಹೆರಿಟೇಜ್ ಟ್ರಸ್ಟ್ ಎರಡೂ ಒಳ್ಳೆಯ ಆರಂಭ. ಇವನ್ನು ನೋಡಿ ಬಂದ ಮೇಲೆ ಫಿಟ್ಜ್‌ರಾಯ್ ಗಾರ್ಡನ್ಸ್‌ನ ‘ಕುಕ್ಸ್ ಕಾಟೇಜ್’ ಕಂಡರೆ ಸ್ವಲ್ಪ ವಿಚಿತ್ರವೆನಿಸುತ್ತದೆ. ಕ್ಯಾಪ್ಟನ್ ಕುಕ್‌ನ ತಂದೆ ತಾಯಿಯರ ಮನೆಯನ್ನು ಇಂಗ್ಲೆಂಡಿನ ಯಾರ್ಕ್‌ಷೈರ್‌ನಿಂದ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ತಂದು 1934ರಲ್ಲಿ ಇಲ್ಲಿ ಕಟ್ಟಿದರು; ಕುಕ್ ಮಾತ್ರ ಮೆಲ್ಬರ್ನ್ ಇರುವ ಈ ಜಾಗಕ್ಕೆ ಕಾಲಿಟ್ಟವನೇ ಅಲ್ಲ.

ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಕ್ರೀಡಾಂಗಣವನ್ನು ಪಂದ್ಯವಿಲ್ಲದಾಗಲೂ ನೋಡಬಹುದೇ?

ಖಂಡಿತ. ಪಂದ್ಯವಿಲ್ಲದ ದಿನಗಳಲ್ಲಿ ಮಾರ್ಗದರ್ಶಕರು ಒಳಗೆ ಕರೆದುಕೊಂಡು ಹೋಗುತ್ತಾರೆ. ಫ್ಲಿಂಡರ್ಸ್ ಸ್ಟ್ರೀಟ್‌ನಿಂದ ಬಿರರುಂಗ್ ಮಾರ್ ಉದ್ಯಾನದ ಮೂಲಕ, ವಿಲಿಯಂ ಬರಾಕ್ ಸೇತುವೆಯ ಮೇಲೆ ನಡೆದೇ ಹೋಗಬಹುದು. 1877ರ ಮಾರ್ಚ್‌ನಲ್ಲಿ ಜಗತ್ತಿನ ಮೊದಲ ಟೆಸ್ಟ್ ಪಂದ್ಯ, 1971ರ ಜನವರಿ 5ರಂದು ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ, 1956ರ ಒಲಿಂಪಿಕ್ಸ್, ಎಲ್ಲವೂ ಇಲ್ಲೇ ನಡೆದವು. ಮೊದಲ ಟೆಸ್ಟನ್ನು ಆಸ್ಟ್ರೇಲಿಯ ಇಂಗ್ಲೆಂಡ್ ವಿರುದ್ಧ 45 ರನ್ನುಗಳಿಂದ ಗೆದ್ದಿತ್ತು. ಅದರ ಶತಮಾನದ ನೆನಪಿಗೆ 1977ರಲ್ಲಿ ಆಡಿದ ಪಂದ್ಯದಲ್ಲೂ ಅದೇ ತಂಡ, ಅದೇ 45 ರನ್ನುಗಳಿಂದಲೇ ಗೆದ್ದಿತು.

ಕನ್ನಡಿಗರಿಗೆ ಈ ಮೈದಾನದಲ್ಲಿ ನಿಲ್ಲಲು ಬೇರೆ ಕಾರಣಗಳೂ ಇವೆ. ಆಸ್ಟ್ರೇಲಿಯದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಇಲ್ಲಿ ನಡೆದದ್ದು, 1977ರ ಡಿಸೆಂಬರ್ 30ರಂದು ಶುರುವಾದ ಪಂದ್ಯ. ಅದರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನ್ನಿಂಗ್ಸ್‌ಗಳಲ್ಲಿ 52 ರನ್ನುಗಳಿಗೆ ತಲಾ ಆರಾರು ವಿಕೆಟ್ ಕಿತ್ತರು. 1981ರ ಫೆಬ್ರುವರಿಯಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಇಲ್ಲಿ 114 ರನ್ ಗಳಿಸಿ ಕುಸಿಯುತ್ತಿದ್ದ ಇನ್ನಿಂಗ್ಸ್ ನಿಲ್ಲಿಸಿದರು. ಕೊನೆಗೆ 143 ರನ್ ಬೆನ್ನತ್ತಿದ ಆಸ್ಟ್ರೇಲಿಯ 83ಕ್ಕೆ ಉರುಳಿತು. ಕೆ.ಎಲ್. ರಾಹುಲ್ 2014ರಲ್ಲಿ, ಮಯಂಕ್ ಅಗರವಾಲ್ 2018ರಲ್ಲಿ ಟೆಸ್ಟ್ ಬದುಕನ್ನು ಆರಂಭಿಸಿದ್ದೂ ಇದೇ ಮೈದಾನದ ಡಿಸೆಂಬರ್ 26ರ ‘ಬಾಕ್ಸಿಂಗ್ ಡೇ’ ಪಂದ್ಯಗಳಲ್ಲಿ. ಒಂದು ಲಕ್ಷ ಜನ ಕೂರುವ ಬಟ್ಟಲು ಖಾಲಿಯಿದ್ದಾಗ ಮೇಲಿನ ಅಂತಸ್ತಿನಿಂದ ಪಿಚ್ ಅಂಗೈಯಷ್ಟು ಕಾಣುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಸದ್ದು ಎದುರು ಗೋಡೆಗೆ ಬಡಿದು ಮರಳುತ್ತದೆ. ಕ್ರಿಕೆಟ್ ಗೊತ್ತಿಲ್ಲದವರಿಗೂ ಆ ಮೌನ ನೆನಪಿನಲ್ಲಿ ಉಳಿಯುತ್ತದೆ.

ಜನವರಿಯಲ್ಲಿ ಬಂದವರು ಪಕ್ಕದ ಮೆಲ್ಬರ್ನ್ ಪಾರ್ಕ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ನೋಡಬಹುದು. ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೇ ವಯಸ್ಸಿನಲ್ಲಿ, 2024ರಲ್ಲಿ ಪುರುಷರ ಡಬಲ್ಸ್ ಗೆದ್ದದ್ದು ಇಲ್ಲಿಯೇ.

ಕ್ವೀನ್ ವಿಕ್ಟೋರಿಯ ಮಾರುಕಟ್ಟೆ ಯಾವ ದಿನ ತೆರೆದಿರುತ್ತದೆ?

ಸೋಮವಾರ ಮತ್ತು ಬುಧವಾರ ಹಗಲಿನ ಮಾರುಕಟ್ಟೆಗೆ ರಜೆ, ಇದನ್ನು ತಿಳಿಯದೆ ಬಂದು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುವವರು ಬಹಳ. 1878ರಿಂದ ನಡೆಯುತ್ತಿರುವ ಈ ಸಂತೆಯಲ್ಲಿ ತರಕಾರಿ, ಚೀಸ್, ಮೀನು, ಬಟ್ಟೆ, ಕೊಂಡೊಯ್ಯುವ ನೆನಪಿನ ಕಾಣಿಕೆ ಎಲ್ಲವೂ ಸಿಗುತ್ತದೆ. ಮುಚ್ಚುವ ವೇಳೆಗೆ ಹೋದರೆ ಹಣ್ಣಿನವರು ಬುಟ್ಟಿಗಟ್ಟಲೆ ಕಡಿಮೆ ಬೆಲೆಗೆ ಕೂಗಿ ಮಾರುವುದನ್ನು ಕೇಳಬಹುದು, ಕೆ.ಆರ್. ಮಾರುಕಟ್ಟೆಯ ಧಾಟಿಯೇ, ಭಾಷೆ ಮಾತ್ರ ಬೇರೆ. ಇದರ ಒಂದು ಭಾಗದ ಕೆಳಗೆ ಊರಿನ ಹಳೆಯ ಸ್ಮಶಾನವಿದೆ, ಸಾವಿರಾರು ಸಮಾಧಿಗಳು ಇನ್ನೂ ಅಲ್ಲಿಯೇ ಇವೆ.

ಗ್ರೇಟ್ ಓಷನ್ ರೋಡ್ ಒಂದೇ ದಿನದಲ್ಲಿ ಮುಗಿಸಬಹುದೇ?

ಮುಗಿಸಬಹುದು, ಬಹುತೇಕರು ಹಾಗೆಯೇ ಮಾಡುತ್ತಾರೆ, ಆದರೆ ಸಾಧ್ಯವಿದ್ದರೆ ಹಾಗೆ ಮಾಡಬೇಡಿ. ಬೆಳಗ್ಗೆ ಏಳಕ್ಕೆ ಹೊರಟ ಪ್ರವಾಸದ ಬಸ್ಸು ಹಿಂದಿರುಗುವುದು ಹನ್ನೆರಡು ಹದಿಮೂರು ಗಂಟೆಗಳ ನಂತರ. ಟಾರ್ಕಿ ಊರಿನಿಂದ ಶುರುವಾಗುವ ಈ ರಸ್ತೆ ಸುಮಾರು 240 ಕಿಲೋಮೀಟರ್ ಉದ್ದ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು, ಸತ್ತ ಸಂಗಾತಿಗಳ ನೆನಪಿಗೆ ಇದನ್ನು ಕಡಿದರು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನೇರ ಸಮುದ್ರ. ತಿರುವುಗಳು ಆಗುಂಬೆ ಘಾಟಿಯನ್ನು ನೆನಪಿಸುತ್ತವೆ, ವಾಂತಿಯಾಗುವವರು ಮಾತ್ರೆ ತೆಗೆದುಕೊಂಡೇ ಹತ್ತಬೇಕು.

ಎಲ್ಲರೂ ನೋಡಹೋಗುವ ‘ಹನ್ನೆರಡು ಅಪೊಸ್ತಲರು’ ಎಂಬ ಸುಣ್ಣಕಲ್ಲಿನ ಕಂಬಗಳು ಹೆಸರಿನಲ್ಲಷ್ಟೇ ಹನ್ನೆರಡು. 2005ರ ಜುಲೈನಲ್ಲಿ ಸುಮಾರು 50 ಮೀಟರ್ ಎತ್ತರದ ಒಂದು ಕಂಬ ಕುಸಿದ ಮೇಲೆ ಉಳಿದದ್ದು ಎಂಟು. ದಕ್ಷಿಣ ಸಾಗರದ ಅಲೆ ಮೃದುವಾದ ಬಂಡೆಯನ್ನು ಮೊದಲು ಗುಹೆಯಾಗಿ, ಗುಹೆಯನ್ನು ಕಮಾನಾಗಿ ಕೊರೆಯುತ್ತದೆ; ಕಮಾನಿನ ಬೆನ್ನು ಮುರಿದಾಗ ಆಚೆಯ ತುದಿ ಒಂಟಿ ಕಂಬವಾಗಿ ನಿಲ್ಲುತ್ತದೆ. ಹತ್ತಿರದ ‘ಲಂಡನ್ ಬ್ರಿಜ್’ ಎಂಬ ಜೋಡಿ ಕಮಾನಿನ ಒಂದು ಭಾಗ 1990ರ ಜನವರಿಯಲ್ಲಿ ಕುಸಿದಾಗ ಆಚೆ ಬದಿಯಲ್ಲಿ ಇಬ್ಬರು ಸಿಕ್ಕಿಕೊಂಡು, ಅವರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಲಾಕ್ ಆರ್ಡ್ ಕಣಿವೆಯಲ್ಲಿ 1878ರಲ್ಲಿ ಹಡಗೊಂದು ಒಡೆದು 54 ಜನರಲ್ಲಿ ಬದುಕುಳಿದವರು ಇಬ್ಬರೇ. ಎರಡೂ ಬದಿಯ ಎತ್ತರದ ಗೋಡೆಗಳ ನಡುವಿನ ಆ ಪುಟ್ಟ ಮರಳ ದಂಡೆಗೆ ಇಳಿದು ನಿಂತರೆ, ಅವರು ಮೇಲೆ ಹತ್ತಿದ್ದಾದರೂ ಹೇಗೆ ಎಂದು ಅಚ್ಚರಿಯಾಗುತ್ತದೆ.

ಸ್ವಂತ ವಾಹನವಿದ್ದರೆ ಅಪೊಲೊ ಬೇಯಲ್ಲಿ ಒಂದು ರಾತ್ರಿ ತಂಗಿ. ಮಧ್ಯಾಹ್ನದ ಬಸ್ಸುಗಳು ಹೋದ ಮೇಲೆ, ಸಂಜೆಯ ಓರೆ ಬಿಸಿಲಿನಲ್ಲಿ ಆ ಕಂಬಗಳು ಬೆಲ್ಲದ ಬಣ್ಣಕ್ಕೆ ತಿರುಗುವುದನ್ನು ನೋಡಲು ಅದೊಂದೇ ದಾರಿ. ಹಿಂದಿರುಗುವಾಗ ಕರಾವಳಿಯ ಬದಲು ಕೊಲ್ಯಾಕ್ ಮೂಲಕ ಒಳನಾಡಿನ ಹೆದ್ದಾರಿ ಹಿಡಿದರೆ ಮೂರು ಗಂಟೆಗಳಲ್ಲಿ ನಗರ ಸೇರಬಹುದು.

ಪೆಂಗ್ವಿನ್ ನೋಡಲು ಫಿಲಿಪ್ ದ್ವೀಪಕ್ಕೆ ಹೋಗುವುದು ಸಾರ್ಥಕವೇ?

ಮಕ್ಕಳಿದ್ದರೆ ಸಾರ್ಥಕ. ಸುಮಾರು 140 ಕಿಲೋಮೀಟರ್, ಎರಡು ಗಂಟೆಯ ದಾರಿ. ಮೂವತ್ತಮೂರು ಸೆಂಟಿಮೀಟರ್ ಎತ್ತರದ, ಒಂದು ಕಿಲೋ ತೂಗುವ ಪುಟ್ಟ ಪೆಂಗ್ವಿನ್‌ಗಳು ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಕತ್ತಲಾದ ಮೇಲೆ ಗುಂಪುಗುಂಪಾಗಿ ದಡ ಹತ್ತಿ ಬಿಲಗಳಿಗೆ ಮರಳುತ್ತವೆ. ಮೊದಲ ಗುಂಪು ನೀರಿನ ಅಂಚಿನಲ್ಲಿ ನಿಂತು, ಒಂದು ಮುಂದೆ ಬಂದು, ಹೆದರಿ ಹಿಂದೆ ಓಡಿ, ಮತ್ತೆ ಎಲ್ಲವೂ ಕೂಡಿ ಶಾಲೆ ಬಿಟ್ಟ ಮಕ್ಕಳಂತೆ ತೊನೆಯುತ್ತ ಮರಳು ದಾಟುತ್ತವೆ. ಅವುಗಳ ಕಣ್ಣಿಗೆ ತೊಂದರೆಯಾಗದಿರಲೆಂದು ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿದ್ದಾರೆ, ಫೋನಿಗೂ ಇದೇ ನಿಯಮ. ಬೇಸಿಗೆಯಲ್ಲಿ ಕತ್ತಲಾಗುವುದೇ ಒಂಬತ್ತರ ಮೇಲಾದ್ದರಿಂದ ನಗರಕ್ಕೆ ಮರಳುವಾಗ ಮಧ್ಯರಾತ್ರಿ. ಡಿಸೆಂಬರಿನಲ್ಲೂ ಆ ದಡದ ಗಾಳಿ ಮೂಳೆ ಕೊರೆಯುತ್ತದೆ, ಹೊದಿಕೆ ಒಯ್ಯಿರಿ. ವಾಹನ ತೆಗೆಯುವ ಮುನ್ನ ಗಾಲಿಯ ಕೆಳಗೆ ಪೆಂಗ್ವಿನ್ ಕೂತಿದೆಯೇ ಎಂದು ಬಗ್ಗಿ ನೋಡಬೇಕು.

ಕಾಂಗರೂ, ಕೋಲಾ ಹತ್ತಿರದಿಂದ ನೋಡಲು?

ನಗರದಿಂದ ಸುಮಾರು 65 ಕಿಲೋಮೀಟರ್ ದೂರದ ಹೀಲ್ಸ್‌ವಿಲ್ ಪ್ರಾಣಿಧಾಮಕ್ಕೆ ಹೋಗಿ. ಮೊಟ್ಟೆಯಿಡುವ ಸಸ್ತನಿಯಾದ ಪ್ಲಾಟಿಪಸ್ ಮನುಷ್ಯರ ಆರೈಕೆಯಲ್ಲಿ ಮರಿ ಮಾಡಿದ್ದು ಜಗತ್ತಿನಲ್ಲಿ ಮೊದಲ ಬಾರಿಗೆ ಇಲ್ಲಿ, 1943ರಲ್ಲಿ. ಕೋಲಾವನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವ ಆಸೆಯಿದ್ದರೆ ಅದು ವಿಕ್ಟೋರಿಯ ರಾಜ್ಯದಲ್ಲಿ ಈಡೇರುವುದಿಲ್ಲ, ಕಾನೂನು ಬಿಡುವುದಿಲ್ಲ.

ಡ್ಯಾಂಡನಾಂಗ್ ಬೆಟ್ಟಗಳ ಪಫಿಂಗ್ ಬಿಲ್ಲಿ ಉಗಿಬಂಡಿಯೂ ಮಕ್ಕಳಿಗೆ ಪ್ರಿಯ. ಬೆಲ್‌ಗ್ರೇವ್‌ವರೆಗೆ ಸಾಮಾನ್ಯ ರೈಲಿನಲ್ಲಿ ಹೋಗಿ, ಅಲ್ಲಿಂದ ಜೆಂಬ್ರೂಕ್‌ವರೆಗೆ 24 ಕಿಲೋಮೀಟರ್ ಇದರಲ್ಲಿ ಸಾಗಬಹುದು. 1900ರಲ್ಲಿ ತೆರೆದ ಈ ಹಳಿ 1953ರಲ್ಲಿ ಗುಡ್ಡ ಕುಸಿದು ನಿಂತುಹೋಗಿತ್ತು. ಸ್ವಯಂಸೇವಕರು ಅದನ್ನು ಮತ್ತೆ ಎಬ್ಬಿಸಿದರು. ಹಳಿಯ ಅಗಲ 762 ಮಿಲಿಮೀಟರ್, ನಮ್ಮ ಕಾಲ್ಕಾ–ಶಿಮ್ಲಾ ರೈಲಿನಷ್ಟೇ.

ಬಲರಾಟ್‌ನ ಸಾವರಿನ್ ಹಿಲ್?

1851ರಲ್ಲಿ ಶುರುವಾದ ಚಿನ್ನದ ಹುಚ್ಚಿನ ಕಾಲದ ಊರನ್ನು ಹಾಗೆಯೇ ಮರುನಿರ್ಮಿಸಿದ್ದಾರೆ; ತೊರೆಯಲ್ಲಿ ತಟ್ಟೆ ಹಿಡಿದು ಮರಳು ಜಾಲಿಸಿ ಚಿನ್ನದ ಕಣ ಹುಡುಕಬಹುದು. ಚರಿತ್ರೆಯಲ್ಲಿ ಆಸಕ್ತಿಯಿದ್ದವರಿಗೆ ಸೊಗಸು, ಇಲ್ಲದವರು ಬಿಡಬಹುದು.

ಎತ್ತರದಿಂದ ನಗರ ನೋಡುವ ಸ್ಕೈಡೆಕ್‌ಗೆ ಹಣ ಕೊಡಬೇಕೇ?

ಯುರೇಕಾ ಗೋಪುರದ 88ನೇ ಮಹಡಿ, 285 ಮೀಟರ್ ಎತ್ತರ. ಮೋಡವಿಲ್ಲದ ಸಂಜೆಯಾದರೆ ಹೋಗಿ. ಮಂಜು ಕವಿದ ದಿನ ಹೋದವರಿಗೆ ಬಿಳಿ ಗೋಡೆ ಮಾತ್ರ ಕಂಡೀತು.

ಬಾಡಿಗೆ ಕಾರು ಓಡಿಸುವುದು ಕಷ್ಟವೇ?

ಇಲ್ಲಿಯೂ ಎಡಬದಿಯ ಸಂಚಾರವಾದ್ದರಿಂದ ಊರ ಹೊರಗೆ ಕಷ್ಟವಿಲ್ಲ. ನಗರದೊಳಗೆ ಓಡಿಸಲೇಬೇಡಿ ಎನ್ನುತ್ತೇನೆ. ಟ್ರಾಮ್ ಇರುವ ಕೆಲವು ವೃತ್ತಗಳಲ್ಲಿ ಬಲಕ್ಕೆ ತಿರುಗಬೇಕಾದವರು ಎಡ ಅಂಚಿಗೆ ಬಂದು, ವೃತ್ತದೊಳಗೆ ಕಾದು, ದೀಪ ಬದಲಾದ ಮೇಲೆ ತಿರುಗಬೇಕು. ‘ಹುಕ್ ಟರ್ನ್’ ಎಂಬ ಈ ಪದ್ಧತಿ ಹೊಸಬರ ಎದೆ ನಡುಗಿಸುತ್ತದೆ. ನಿಂತ ಟ್ರಾಮಿನ ಬಾಗಿಲು ತೆರೆದಿದ್ದರೆ ಅದರ ಹಿಂದೆಯೇ ನಿಲ್ಲಬೇಕು. ಟೋಲ್ ರಸ್ತೆಗಳಲ್ಲಿ ಹಣ ಕಟ್ಟುವ ಕಟ್ಟೆಗಳಿಲ್ಲ, ಲೆಕ್ಕ ಕ್ಯಾಮೆರಾ ನೋಡಿಕೊಳ್ಳುತ್ತದೆ; ಬಾಡಿಗೆ ಕೊಟ್ಟವರನ್ನು ಮೊದಲೇ ವಿಚಾರಿಸಿ. ಮುಸ್ಸಂಜೆಯ ಮೇಲೆ ಹಳ್ಳಿಗಾಡಿನಲ್ಲಿ ಕಾಂಗರೂ ಅಡ್ಡ ಬರುವುದು ತಮಾಷೆಯ ಮಾತಲ್ಲ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ಕಾಫಿ?

ಧಾರಾಳವಾಗಿ ಸಿಗುತ್ತದೆ. ‘ವೆಜಿಟೇರಿಯನ್’ ಎಂದರೆ ಇಲ್ಲಿ ಮೊಟ್ಟೆ ಸೇರಿರಬಹುದು, ವಿಯೆಟ್ನಾಂ ಅಥವಾ ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಇರಬಹುದು, ಬಿಡಿಸಿ ಕೇಳಿ. ದೋಸೆ, ಅನ್ನ ಸಾರು ಬೇಕೆನಿಸಿದರೆ ಡ್ಯಾಂಡನಾಂಗ್ ಉಪನಗರದ ಲಿಟಲ್ ಇಂಡಿಯಾ ಪ್ರದೇಶಕ್ಕೆ ಹೋಗಬಹುದು. ಅದೇ ದಿಕ್ಕಿನಲ್ಲಿ ಕ್ಯಾರಮ್ ಡೌನ್ಸ್‌ನ ಶ್ರೀ ಶಿವ ವಿಷ್ಣು ದೇವಾಲಯವಿದೆ. ಹಬ್ಬದ ದಿನಗಳಲ್ಲಿ ಬಂದವರು ಮೆಲ್ಬರ್ನ್ ಕನ್ನಡ ಸಂಘದ ಕಾರ್ಯಕ್ರಮಗಳ ಬಗ್ಗೆ ವಿಚಾರಿಸಿಕೊಳ್ಳಬಹುದು.

ಕಾಫಿಯ ವಿಷಯದಲ್ಲಿ ಈ ಊರಿನವರದು ನಮ್ಮಷ್ಟೇ ಜಂಬ. ಎರಡನೆಯ ಮಹಾಯುದ್ಧದ ನಂತರ ಬಂದ ಇಟಲಿಯವರು ಎಸ್ಪ್ರೆಸೊ ಯಂತ್ರದ ರೂಢಿಯನ್ನು ಬೇರೂರಿಸಿದರು. ಹಾಲು ಹೆಚ್ಚಿಲ್ಲದ ಫ್ಲ್ಯಾಟ್ ವೈಟ್ ನಮ್ಮ ಫಿಲ್ಟರ್ ಕಾಫಿಯ ನಾಲಿಗೆಗೆ ಹತ್ತಿರ. ಚಿಕೋರಿಯ ಗಂಧ ನಿರೀಕ್ಷಿಸಬೇಡಿ, ಸಕ್ಕರೆಯನ್ನು ಕೇಳಿ ಹಾಕಿಸಿಕೊಳ್ಳಬೇಕು. ಬಹುತೇಕ ಅಂಗಡಿಗಳು ಮಧ್ಯಾಹ್ನ ಮೂರು ನಾಲ್ಕಕ್ಕೆಲ್ಲ ಮುಚ್ಚುವುದರಿಂದ ಸಂಜೆ ಐದರ ಕಾಫಿಯ ಅಭ್ಯಾಸವಿದ್ದವರು ಪರದಾಡುತ್ತಾರೆ. ನಮ್ಮ ಚಿಕ್ಕಪ್ಪನವರು ಎರಡು ದಿನ ಗೊಣಗಿ, ಮೂರನೆಯ ದಿನದಿಂದ ಫ್ಲಾಸ್ಕ್ ಹಿಡಿದೇ ಹೊರಟರು.

ಸಮುದ್ರತೀರಕ್ಕೆ ಯಾವ ಕಡೆ ಹೋಗಬೇಕು?

ಟ್ರಾಮಿನಲ್ಲಿ ಸೇಂಟ್ ಕಿಲ್ಡಾಗೆ. 1912ರಲ್ಲಿ ತೆರೆದ ಲೂನಾ ಪಾರ್ಕ್‌ನ ಬಾಯ್ದೆರೆದ ಮುಖದ ಬಾಗಿಲು ಅಲ್ಲಿನ ಗುರುತು. ಒಳಗಿನ ಮರದ ರೋಲರ್ ಕೋಸ್ಟರ್ ಅಂದಿನಿಂದ ಓಡುತ್ತಲೇ ಇದೆ. ಈಜುವವರು ಬಟ್ಟೆ ಬದಲಿಸಲೆಂದು ಕಟ್ಟಿದ ಬಣ್ಣಬಣ್ಣದ ಮರದ ಗೂಡುಗಳ ಸಾಲು ಬ್ರೈಟನ್‌ನ ಡೆಂಡಿ ಸ್ಟ್ರೀಟ್ ತೀರದಲ್ಲಿದೆ. ಅವು ಖಾಸಗಿಯವರ ಸ್ವತ್ತು, ಹೊರಗಿನಿಂದ ಚಿತ್ರ ತೆಗೆಯಬಹುದಷ್ಟೆ.

ಕೊನೆಯ ದಿನ ಅರ್ಧ ದಿನ ಮಾತ್ರ ಉಳಿದಿದ್ದರೆ?

ಮಧ್ಯಾಹ್ನದ ಮೇಲಿನ ಅರ್ಧವಾದರೆ ಯಾರಾ ನದಿಯ ಮೇಲ್ಭಾಗಕ್ಕೆ, ಯಾರಾ ಬೆಂಡ್ ಉದ್ಯಾನಕ್ಕೆ ಹೋಗಿ. ಪ್ರವಾಸದ ಪಟ್ಟಿಗಳಲ್ಲಿ ಇದು ಕಾಣುವುದು ಅಪರೂಪ. ಫೇರ್‌ಫೀಲ್ಡ್‌ನಲ್ಲಿ ಹುಟ್ಟುಹಾಕುವ ದೋಣಿ ಬಾಡಿಗೆಗೆ ಸಿಗುತ್ತದೆ. ಒಂದು ಕಾಲಕ್ಕೆ ಸಸ್ಯೋದ್ಯಾನದ ಮರಗಳನ್ನು ಹಾಳುಮಾಡುತ್ತಿವೆಯೆಂದು 2003ರಲ್ಲಿ ಅಲ್ಲಿಂದ ಎಬ್ಬಿಸಿದ ಬೂದುತಲೆಯ ಬಾವಲಿಗಳು ಈ ನದಿಯ ತಿರುವಿನಲ್ಲಿ ನೆಲೆಗೊಂಡಿವೆ. ಬೇಸಿಗೆಯಲ್ಲಿ ಅವುಗಳ ಸಂಖ್ಯೆ ಹತ್ತಾರು ಸಾವಿರ. ಹಗಲಿನಲ್ಲಿ ಒಣಗಲು ಹಾಕಿದ ಕರಿ ಬಟ್ಟೆಯಂತೆ ಕೊಂಬೆಗಳಿಂದ ನೇತಾಡುತ್ತ, ಒಂದರ ಮೇಲೊಂದು ಚೀರಿ ಜಗಳವಾಡುತ್ತಿರುತ್ತವೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಮೊದಲ ನಾಲ್ಕೈದು ಏಳುತ್ತವೆ, ಆಮೇಲೆ ಒಂದು ಮೀಟರ್ ಅಗಲದ ರೆಕ್ಕೆಗಳ ಸಾಲು ಮುರಿಯದೆ ನದಿಯ ಮೇಲೆ ಹರಿದು ನಗರದ ದೀಪಗಳ ಕಡೆ ಸಾಗುತ್ತದೆ. ದಡದ ಹುಲ್ಲಿನ ಮೇಲೆ ಕೂರಲು ಒಂದು ಜಮಖಾನೆ, ತಲೆಗೆ ಒಂದು ಟೋಪಿ ಇರಲಿ. ಟೋಪಿ ಚಳಿಗಲ್ಲ, ಬಾವಲಿಗಳು ಮೇಲಿಂದ ಬೀಳಿಸುವುದಕ್ಕೆ.